ಕಿಟಕಿ ಎಣಿಸುವ ವಿದ್ಯೆ

ಆಂಧ್ರದ ಮಡಕಶಿರಾದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಾಗ ನನ್ನ ಚೀಲದಲ್ಲಿ ಒಂದು ಫಾರಂ ಇತ್ತು. ಅದು ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ಮಾತ್ರ. ಅಚ್ಚು ತೆಲುಗಿನಲ್ಲಿದೆ, ಕನ್ನಡ ಶಾಲೆಯವರು ಕನ್ನಡದಲ್ಲೇ ಬರೀಬಹುದು ಅಂತ ಬಾಯಲ್ಲಿ ಹೇಳಿ ಕಳಿಸಿದರು. ಇರುವುದು ಎರಡೇ ಪ್ರಶ್ನೆ. ಈ ವೃತ್ತಿ ಯಾಕೆ ಆರಿಸಿಕೊಂಡಿರಿ? ಸೇರಿದ ಮೇಲೆ ನಿಮ್ಮ ಪಾಠದಲ್ಲಿ ಏನು ಬದಲಾಗಿದೆ? ಒಂದೊಂದಕ್ಕೂ ಮೂರು ಗೆರೆ ಜಾಗ. ಮದುವೆ ಯಾಕಾದಿರಿ, ಆದಮೇಲೆ ಏನಾಯಿತು ಅಂತ ಮೂರು ಗೆರೆಯಲ್ಲಿ ಬರೆಯಿರಿ ಅಂದರೆ ನೀವು ಬರೀತೀರಾ? ನನಗಿನ್ನೂ ಆಗಿಲ್ಲ, ಆದವರ ಮುಖ ನೋಡಿ ಕೇಳುತ್ತಿದ್ದೇನೆ.

ಅಮರಾಪುರದ ಹತ್ತಿರ ನಮ್ಮ ಶಾಲೆ. ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೆ ಕೂರುವವರು ಜೀವಶಾಸ್ತ್ರದ ಪದ್ಮಾವತಿ ಮೇಡಂ. ಅವರು ಮೊದಲ ಪ್ರಶ್ನೆಗೆ ಒಂದೇ ಉಸಿರಿಗೆ 'ದೇಶಸೇವೆ' ಎಂದು ಬರೆದು ಪೆನ್ನು ಮುಚ್ಚಿದರು.

"ನಿಜ ಬರೀರಿ ಮೇಡಂ" ಅಂದೆ.

"ನಿಜ ಏನೈತೆ ಸಾರ್ ಬರಿಯಾಕೆ? ನರ್ಸಿಂಗ್ ಸೀಟು ಸಿಗಲಿಲ್ಲ, ಬಿ.ಇಡಿ. ಸೀಟು ಸಿಕ್ತು. ಅದನ್ನ ಬರೀಲಾ?"

ಇದೇ ಮೇಡಂ ಈಗ ಶೇಂಗಾ ಹೊಲದ ಪಕ್ಕ ಸ್ಕೂಟಿಯಲ್ಲಿ ಹೋಗುವಾಗ ಸುಮ್ಮನೆ ಹೋಗಲಾರರು. ಇಳಿದು ಒಂದು ಗಿಡ ಕಿತ್ತು ಬೇರಿನ ಗಂಟು ಎಷ್ಟಿವೆ ನೋಡಬೇಕು, ಮಕ್ಕಳಿಗೆ ತರಬೇಕು. ಒಮ್ಮೆ ಹೊಲದವನು ಕೋಲು ಹಿಡಿದು ಓಡಿಬಂದಿದ್ದ. ಇವರು ಅವನಿಗೂ ಗಂಟು ತೋರಿಸಿ, ಗಾಳಿಯಲ್ಲಿರುವ ಗೊಬ್ಬರ ಅದರೊಳಗೆ ಹೇಗೆ ಸೇರುತ್ತದೆ ಅಂತ ಪಾಠ ಮಾಡಿದರು. ಅವನು ಕೋಲು ಕೆಳಗಿಟ್ಟು ಇನ್ನೆರಡು ಗಿಡ ತಾನೇ ಕಿತ್ತುಕೊಟ್ಟನಂತೆ. ಆ ಮೇಡಂ ದನಿ, ಆ ರೈತನ ದನಿ ಎರಡನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಬೇಕಿದ್ದರೆ ಯಾವತ್ತಾದರೂ ಬನ್ನಿ.

ಅದೇ ನನ್ನ ರೋಗ. ಯಾರನ್ನು ನೋಡಿದರೂ ಅವರ ಹಾಗೆ ಮಾಡಿ ತೋರಿಸುವುದು. ಪಾಠದಲ್ಲೂ ಬಿಡುವುದಿಲ್ಲ. ನನ್ನ ಕ್ಲಾಸಿಗೆ ಯಾರೂ ಚಕ್ಕರ್ ಹೊಡೆಯುವುದಿಲ್ಲ ಅಂತ ನಾಲ್ಕು ವರ್ಷ ಮೀಸೆ ತಿರುವಿದ್ದೆ. ಹೋದ ತಿಂಗಳು ಪರೀಕ್ಷೆಯ ಪೇಪರು ತಿದ್ದಿದೆ. ಲೆಕ್ಕದ ಜಾಗವೆಲ್ಲ ಖಾಲಿ. ಒಬ್ಬ ಮಾತ್ರ ಅಂಚಿನಲ್ಲಿ ನನ್ನದೇ ಒಂದು ಜೋಕನ್ನು ಒಂದಕ್ಷರ ತಪ್ಪಿಲ್ಲದೆ ಬರೆದಿದ್ದ. ಹೆಡ್ ಮೇಡಂ ಪೇಪರು ತಿರುವಿಹಾಕಿ, "ನಿಮ್ಮ ರೂಮಿಂದ ನಗು ಕೇಳಿಸ್ತದೆ ಸಾರ್. ಲೆಕ್ಕ ಕೇಳಿಸಲ್ಲ" ಅಂದರು. ಆವತ್ತಿನಿಂದ ನನಗೊಂದೇ ಅನುಮಾನ: ನಾನು ಮೇಷ್ಟ್ರೋ, ಬರೀ ಮೇಷ್ಟ್ರ ಮಿಮಿಕ್ರಿಯೋ? ಎರಡನೇ ಪ್ರಶ್ನೆಯ ಮೂರು ಗೆರೆ ಅದಕ್ಕೇ ಖಾಲಿ ಉಳಿದವು.

ಮೊದಲನೆಯದಕ್ಕಾದರೆ ಉತ್ತರ ಗೊತ್ತು. ಅದರ ಹೆಸರು ತಿಪ್ಪೇಸ್ವಾಮಿ ಸಾರು.

ನಾನು ಓದಿದ್ದು ರಾಯದುರ್ಗದ ಕಡೆ. ಅಮ್ಮ ಮನೆಯಲ್ಲಿ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಓಣಿಯವರನ್ನೆಲ್ಲ ಅಣಕಿಸುತ್ತಿದ್ದೆ. "ಜೇಬು ಬಿಟ್ಟು ನಿನ್ನ ಬಾಯಿಗೆ ಮೊದ್ಲು ಹೊಲಿಗಿ ಹಾಕಬೇಕಲೇ" ಅನ್ನುತ್ತಿದ್ದಳು. ಹಾಕಲಿಲ್ಲ. ಅದರ ಫಲ ಹೈಸ್ಕೂಲಿನವರು ಉಂಡರು.

ತಿಪ್ಪೇಸ್ವಾಮಿ ಸಾರು ನಮ್ಮ ಗಣಿತದ ಮೇಷ್ಟ್ರು. ಆಗಲೇ ಐವತ್ತು ದಾಟಿದವರು, ಒಳ್ಳೆಯವರು, ಹೊಡೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗಿ, "ಯಾರು ಹೇಳ್ತೀರಿ? ಯಾರೂ ಇಲ್ಲ? ಆತು, ನಾನ ಹೇಳ್ತೀನಿ" ಅನ್ನುತ್ತಿದ್ದರು. ಮೂರೂ ಮಾತು ಒಂದೇ ಉಸಿರಿನಲ್ಲಿ. ನಾವು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಬೋರ್ಡಿನ ಮೇಲೆ.

ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ ಅವರು ಬರುವುದು ತಡವಾಯಿತು. ನಾನು ಬೋರ್ಡಿನ ಮುಂದೆ ನಿಂತು ಅವರಾದೆ. ಪಂಚೆ ಎತ್ತುವುದು, ಸೀಮೆಸುಣ್ಣ ಊದುವುದು, "ಯಾರು ಹೇಳ್ತೀರಿ ಯಾರೂ ಇಲ್ಲ ಆತು ನಾನ ಹೇಳ್ತೀನಿ". ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ.

"ನಡಿಸಪ್ಪ, ಯಾಕ ನಿಂತಿ?" ಅಂದರು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಒದ್ದೆ ಕೋಳಿಯ ಹಾಗೆ ನಿಂತು ಪೂರ್ತಿ ಮಾಡಿ ತೋರಿಸಿದೆ. ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ.

"ನಾ ಅಷ್ಟು ಬೇಗ ಹೇಳಿಬಿಡ್ತೀನೇನು?"

ನಾನು ತಲೆ ತಗ್ಗಿಸಿ, "ಹೌದ್ರಿ" ಅಂದೆ.

ಮರುದಿನ ಪ್ರಶ್ನೆ ಕೇಳಿದರು: ಚೌಕದ ಬಾಹು ಎರಡರಷ್ಟಾದರೆ ವಿಸ್ತೀರ್ಣ ಎಷ್ಟರಷ್ಟಾಗುತ್ತದೆ? ಕೇಳಿ ಸುಮ್ಮನೆ ನಿಂತರು. ಅಂಥ ಮೌನ ನಮ್ಮ ಕ್ಲಾಸು ಕಂಡಿರಲಿಲ್ಲ. ಸಾರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಅನ್ನಿಸಿತು. ಕೊನೆಗೆ, ಮೂರು ವರ್ಷದಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಎರ್ರಿಸ್ವಾಮಿ ಎದ್ದ. ಕುರಿ ಸಾಕುವವರ ಮನೆಯವನು.

"ಎರಡ್ರಷ್ಟ್ರಿ."

"ಹೆಂಗ?" ಅಂದರು ಸಾರು. ತಪ್ಪು ಅನ್ನಲಿಲ್ಲ. ಮತ್ತೆ ಸುಮ್ಮನಾದರು.

"ಕುರಿ ರೊಪ್ಪ ಐತಲ್ರಿ, ಅದನ್ನ ಎರಡು ಪಾಲು ಉದ್ದ ಮಾಡಿದ್ರ ಎರಡು ಪಾಲು ಕುರಿ ಹಿಡಿತಾವ್ರಿ... ತಡ್ರಿ. ಅಗಲಾನೂ ಮಾಡ್ಬೇಕಲ್ರಿ. ಹಂಗಾರ ನಾಕು. ನಾಕು ಪಾಲು ಹಿಡಿತಾವ್ರಿ."

ಸಾರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಸೀಮೆಸುಣ್ಣ ಅವನ ಕೈಗೇ ಕೊಟ್ಟರು.

ಅಲ್ಲಿಂದ ಪ್ರತಿ ಶನಿವಾರ ಕೊನೇ ಪೀರಿಯಡ್ಡಿಗೆ, "ಬಾರಪ್ಪ, ಈ ವಾರದ ನನ್ನ ಮಾಡು" ಅನ್ನುತ್ತಿದ್ದರು. ತಾವು ಹಿಂದೆ ಕೂತು ನೋಡುತ್ತಿದ್ದರು. ಇಲ್ಲೊಂದು ಮೋಸ ಇತ್ತು, ನನಗೆ ತಡವಾಗಿ ಗೊತ್ತಾಯಿತು. ಸಾರನ್ನು ಮಾಡಬೇಕಾದರೆ ಸಾರು ಮಾಡಿದ ಲೆಕ್ಕ ಬರಬೇಕು. ನಡುವೆ ತಪ್ಪಿದರೆ ನಗುವುದು ನನ್ನನ್ನು ನೋಡಿ, ಅವರನ್ನು ನೋಡಿ ಅಲ್ಲ. ಅದಕ್ಕಾಗಿ ವಾರವಿಡೀ ಕಿವಿಗೊಟ್ಟು ಕೂತೆ. ನಾನು ಗಣಿತ ಕಲಿತದ್ದು ಹೀಗೆ, ಹೊಟ್ಟೆಪಾಡಿಗೆ ಹಾಡು ಕಲಿತ ಹಾಗೆ.

ಒಂದು ಶನಿವಾರ ಅವರ ಹೊಸ ಅಭ್ಯಾಸ ಮಾಡಿ ತೋರಿಸಿದೆ. ಪ್ರಶ್ನೆ ಕೇಳಿ ಅತ್ತ ತಿರುಗಿ ತುಟಿ ಮಾತ್ರ ಅಲ್ಲಾಡಿಸುವುದು. "ಮಂತ್ರ ಏನ್ರಿ ಸಾರ್ ಅದು?" ಅಂದೆ.

"ಕಿಟಕಿ ಸರಳು ಎಣಿಸ್ತೀನಪ್ಪ. ಬಾಯಿ ಸುಮ್ನಿರ್ಬೇಕಂದ್ರ ಅದಕ್ಕೊಂದು ಕೆಲ್ಸ ಕೊಡ್ಬೇಕಲ್ಲ."

ನನಗೆ ಕೆಲಸ ಸಿಕ್ಕು ಈ ಕಡೆ ಹೊರಟಾಗ ಕಾಲಿಗೆ ಬಿದ್ದೆ. "ಅಲ್ಲಿ ಹೋಗಿ ನನ್ನ ಮಾಡಬ್ಯಾಡ. ಅವ್ರಿಗೆ ನಾ ಯಾರೋ ಏನೋ" ಅಂದರು. ನಾನು ತಮಾಷೆ ಅಂದುಕೊಂಡೆ.

ಫಾರಂ ಬಂದ ಮರುದಿನ ನನ್ನ ಹತ್ತನೇ ಕ್ಲಾಸಿಗೆ ಹೋಗಿ, "ನನ್ನ ಚೆನ್ನಾಗಿ ಮಾಡೋರು ಯಾರು?" ಅಂತ ಕೇಳಿದೆ. ಅಷ್ಟೂ ತಲೆ ಕಿಟಕಿ ಪಕ್ಕದ ನಾಗವೇಣಿ ಕಡೆ ತಿರುಗಿದವು. ಮಾತೇ ಆಡದ ಹುಡುಗಿ ಅಂತ ನಾನು ನಂಬಿದ್ದವಳು.

"ಬೈಯಲ್ವಾ ಸಾರ್?"

"ಬೈಯಲ್ಲ. ಬಾರವ್ವ." ಹೇಳಿಬಿಟ್ಟೆ. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಅವಳು ಬಂದಳು. ಅಂಗಿಯ ತೋಳು ಮಡಚುವುದು, ಒಂದು ಕಾಲಿನ ಮೇಲೆ ನಿಲ್ಲುವುದು, ಎಲ್ಲ ಅಚ್ಚುಕಟ್ಟು. ಒಬ್ಬ ಹುಡುಗನನ್ನು ಎಬ್ಬಿಸಿ ಲೆಕ್ಕ ಕೇಳಿದಳು. ಅವನು ಯೋಚಿಸುತ್ತ ನಿಂತ. ತಕ್ಷಣ ಅವಳು ನನ್ನ ರಾಯದುರ್ಗದ ರಾಗದಲ್ಲೇ, "ಯಾಕಪಾ, ಉತ್ತರ ಇನ್ನಾ ಬಸ್ ಸ್ಟ್ಯಾಂಡಿನಾಗ ನಿಂತೈತೇನು? ಸೀಟು ಸಿಗಲಿಲ್ಲೇನು?" ಅಂದಳು. ಕ್ಲಾಸು ಗೊಳ್ಳೆಂದಿತು. ಹುಡುಗನೂ ನಕ್ಕ. ನಗುತ್ತಲೇ ಕೂತುಬಿಟ್ಟ.

ಯಾರೂ ಅವನಿಗೆ ಕೂರು ಅಂದಿರಲಿಲ್ಲ. ಅದೇ ನನ್ನ ಕ್ಲಾಸಿನ ಕ್ರಮವಾಗಿತ್ತು. ನಾನು ಜೋಕು ಹೇಳಿದರೆ ಅವರಿಗೆ ಕೂರಲು ಅಪ್ಪಣೆ ಸಿಕ್ಕ ಹಾಗೆ. ಸಾರು ಮೌನಕ್ಕೆ ಉತ್ತರ ತುಂಬುತ್ತಿದ್ದರು, ನಾನು ನಗು ತುಂಬುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ನಗು ಬರಲಿಲ್ಲ.

ಎದ್ದು ಹೋಗಿ ಅದೇ ಲೆಕ್ಕವನ್ನು ಅದೇ ಹುಡುಗನಿಗೆ ಕೇಳಿದೆ. ನಮ್ಮ ಕಿಟಕಿಗೆ ಸರಳಿಲ್ಲ, ಜಾಲರಿ. ಸಣ್ಣ ಸಣ್ಣ ಚೌಕ, ಎಣಿಸಿದಷ್ಟೂ ಇವೆ. ಒಂದು ಸಾಲು ಮುಗಿಯಿತು. ನಾಲಿಗೆಯ ತುದಿಗೆ ಮೂರು ಜೋಕು ಬಂದು ಸಾಲಾಗಿ ನಿಂತವು. ನುಂಗಿದೆ. ಮೂರನೇ ಸಾಲಿನ ನಡುವೆ ಅವನು, "ಸಾರ್, ಹಿಂಗ್ ಮಾಡಿದ್ರೆ ಬತ್ತದಾ?" ಅಂತ ಕೇಳಿದ. ಹಾಗೆ ಮಾಡಿದರೆ ಬರುವುದಿಲ್ಲ. ಆದರೆ ಅವನು ನಿಂತೇ ಇದ್ದ.

ಸ್ಟಾಫ್ ರೂಮಿಗೆ ಬಂದು ಮೊದಲನೆಯದಕ್ಕೆ 'ನಮ್ಮ ಸಾರನ್ನು ಅಣಕಿಸಲು ಹೋಗಿ' ಎಂದೂ, ಎರಡನೆಯದಕ್ಕೆ 'ಇಂದಿನಿಂದ ಕಿಟಕಿ ಎಣಿಸುತ್ತಿದ್ದೇನೆ' ಎಂದೂ ಬರೆದೆ. ಪದ್ಮಾವತಿ ಮೇಡಂ ಬಗ್ಗಿ ಓದಿದರು.

"ಕಿಟಕಿ ರಿಪೇರಿಗೆ ಅರ್ಜಿ ಅಂದ್ಕೊತಾರೆ ಸಾರ್."

ಇದಕ್ಕೆ ಒಳ್ಳೆಯ ಉತ್ತರವೊಂದು ನನ್ನ ಬಾಯಲ್ಲಿ ತಯಾರಾಗಿತ್ತು. ಹೇಳಲಿಲ್ಲ, ಜಾಲರಿ ಕಡೆ ನೋಡುತ್ತ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಮೇಡಂ ತಮ್ಮ ಫಾರಂ ಎಳೆದುಕೊಂಡು 'ದೇಶಸೇವೆ'ಯ ಮೇಲೆ ಗೀಟು ಹಾಕಿ, 'ನರ್ಸಿಂಗ್ ಸೀಟು ಸಿಗಲಿಲ್ಲ' ಎಂದು ಬರೆದರು. ಮತ್ತೂ ಸ್ವಲ್ಪ ಯೋಚಿಸಿದರು. ಕೆಳಗಿನ ಮೂರು ಗೆರೆಯಲ್ಲಿ ಬೇರಿನ ಗಂಟಿನ ಬಗ್ಗೆ ಶುರುಮಾಡಿದರು. ಜಾಗ ಸಾಲದೆ ಹಾಳೆ ತಿರುಗಿಸಿದರು.