ಒಂದನೇ ನಂಬರಿನ ಬಿಲ್ಲು

ನಡುಮನೆಯ ಗೋಡೆ ಅರ್ಧ ತಿಳಿಹಸಿರು, ಅರ್ಧ ಬಣ್ಣ ಕಾಣದ ಬರೀ ಪುಟ್ಟಿ. ಎರಡು ವಾರದಿಂದ ಹಾಗೇ ನಿಂತಿತ್ತು. ಯಾಮಿನಿ ಟೀಚರ್ ದಿನವೂ ಸ್ಕೂಲು ಬಿಟ್ಟ ಮೇಲೆ ಬಂದು, ಬೀಗ ತೆಗೆದು, ಆ ಗೋಡೆಯನ್ನು ನೋಡಿ, ಮತ್ತೆ ಬೀಗ ಹಾಕಿಕೊಂಡು ಹೋಗುತ್ತಿದ್ದಳು.

ಶಿಡ್ಲಘಟ್ಟದ ಅಂಚಿನ ಆ ಕಟ್ಟಡದಲ್ಲಿ ಅವಳ ಅಪ್ಪ ಮುನಿಶಾಮಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ಮಗಳ ಪಾಲಿಗೆ ಬಂತು. ಬ್ಯಾಂಕಿನ ಸಾಲಕ್ಕೆ ಕೈಯೊಡ್ಡದೆ, ಸಂಬಳದಲ್ಲಿ ಉಳಿಸಿದ್ದರಲ್ಲೇ ಹೊಸದಾಗಿ ಬಚ್ಚಲು ಕಟ್ಟಿಸಿ, ಸಂಸಾರ ಇರುವ ಹಾಗೆ ಮಾಡಿಸಿದ್ದಳು. ಸರ್ಕಾರಿ ಆಸ್ಪತ್ರೆಯ ನರ್ಸ್ ಕವಿತ ಬಾಡಿಗೆಗೆ ಒಪ್ಪಿದ್ದಳು. ಆದರೆ ಆಷಾಢ ಹುಟ್ಟಿದರೆ ಈ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ. ಅಮಾವಾಸ್ಯೆಗೆ ಮುಂಚೆ ಹಾಲು ಉಕ್ಕಿಸಬೇಕು, ಆಗದಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಎಂದು ಕವಿತ ಫೋನಿನಲ್ಲಿ ಹೇಳಿಯಾಗಿತ್ತು. ಅಮಾವಾಸ್ಯೆಗೆ ಉಳಿದದ್ದು ಒಂದು ವಾರ.

ಗೋಡೆ ಅರ್ಧಕ್ಕೆ ನಿಂತದ್ದು ಯಾಮಿನಿಯಿಂದಲೇ. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಅವಳೊಬ್ಬಳೇ. ಕಾಲೇಜಿನಲ್ಲಿ ಫೀಸಿನ ರಸೀದಿ ಕಳೆದುಕೊಂಡು ಒಂದು ವರ್ಷದ ಸ್ಕಾಲರ್‌ಶಿಪ್ ತಪ್ಪಿಸಿಕೊಂಡವಳು. ಅಂದಿನಿಂದ ಬಸ್ ಟಿಕೆಟನ್ನೂ ಮನೆ ಸೇರುವ ತನಕ ಎಸೆಯುತ್ತಿರಲಿಲ್ಲ. ಅಂಥವಳಿಗೆ ಸ್ಟಾಫ್ ರೂಮಿನಲ್ಲಿ ಮುರಳಿಮೋಹನ್ ಮೇಷ್ಟ್ರು, ಬಾಡಿಗೆ ಬಂದರೆ ತೆರಿಗೆ ಬೀಳುತ್ತದೆ, ಬಣ್ಣದಿಂದ ಹಿಡಿದು ಬಾಗಿಲ ಚಿಲಕದವರೆಗೆ ಬಿಲ್ಲಿದ್ದರೆ ಎಲ್ಲವನ್ನೂ ಬಾಡಿಗೆಯ ಲೆಕ್ಕದಲ್ಲಿ ಕಳೆಯುತ್ತಾರೆ ಎಂದು ಹೇಳಿಬಿಟ್ಟರು. ಅವರ ಹೆಂಡತಿಯ ಬಟ್ಟೆ ಅಂಗಡಿಗೆ ಹಾಗೇ ಕಳೆದಿದ್ದರಂತೆ.

ಸಿಮೆಂಟು, ನಲ್ಲಿ, ವೈರು, ಎಲ್ಲಕ್ಕೂ ಬಿಲ್ಲು ಸಿಕ್ಕಿತು. ಬಣ್ಣ ಬಳಿಯುವ ದಸ್ತಗಿರ್‌ನ ಹತ್ತಿರ ಮಾತ್ರ ಬಿಲ್ಲೆಂಬುದೇ ಇರಲಿಲ್ಲ. ಅಪ್ಪನ ಕಾಲದಿಂದ ಆ ಮನೆಗೆ ಸುಣ್ಣ ಹೊಡೆದವನು ಅವನೇ. ಕೆಲಸದ ನಡುವೆ ಅವನು ಖರ್ಚಿಗೆ ದುಡ್ಡು ಕೇಳಿದಾಗ ಅವಳೆಂದಳು:

"ಬಿಲ್ಲಿಲ್ದೆ ದುಡ್ಡು ಕೊಡಕ್ಕಾಗಲ್ಲ ದಸ್ತಗಿರಣ್ಣ."

ಅವನು ರೋಲರನ್ನು ಬಕೆಟ್ಟಿಗೆ ಇಳಿಸಿದ. "ನಿಮ್ಮಪ್ಪನೋರು ಜೇಬಿಗೆ ಕೈ ಹಾಕಿ, ಬಂದಷ್ಟು ಕೊಡೋರು ಟೀಚರಮ್ಮ. ಎಣಿಸ್ಕೊಳೋ ಅಂದ್ರೂ ನಾನು ಎಣಿಸ್ತಿರ್ಲಿಲ್ಲ. ನೀವು ನಂಗೆ ಚೀಟಿ ಕೇಳ್ತೀರಿ."

ತೆರಿಗೆ, ಸರ್ಕಾರ ಎಂದು ಅವಳು ಏನೇನೋ ಬಿಡಿಸಿ ಹೇಳಿದಳು. ಅವನ ಕಿವಿಗೆ ಬಿದ್ದದ್ದು ಒಂದೇ: ಇವಳಿಗೆ ನನ್ನ ಮೇಲೆ ನಂಬಿಕೆ ಇಲ್ಲ. ಏಣಿ ಎತ್ತಿಕೊಂಡು ಹೊರಟುಹೋದ. ಬೇರೆ ಪೇಂಟರುಗಳು ಬಂದು ನೋಡಿದರು. ಒಬ್ಬರು ಅರ್ಧ ಬಿಟ್ಟ ಗೋಡೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲ ಎಂದು ವಾಪಸಾದರು.

ಭಾನುವಾರ ಅವಳು ಫೈಲು ಹಿಡಿದುಕೊಂಡು ಚಿಕ್ಕಬಳ್ಳಾಪುರದ ಆಡಿಟರ್ ಚಲಪತಿಯವರ ಮನೆಗೆ ಹೋದಳು. ಅವರು ಬಿಲ್ಲುಗಳನ್ನು ಮಗುಚಿ ಹಾಕಿ, ನಗರಸಭೆಗೆ ಕಂದಾಯ ಕಟ್ಟಿದ ರಸೀದಿಯೊಂದನ್ನು ಈಚೆಗೆ ಎಳೆದರು.

"ಕಳೆಯಕ್ಕೆ ಆಗೋದು ಇದೊಂದೇ ಮೇಡಂ. ಬಾಡಿಗೇಲಿ ಇದನ್ನ ಕಳೆದು, ಉಳಿದಿದ್ರಲ್ಲಿ ನೂರಕ್ಕೆ ಮೂವತ್ತು ರಿಪೇರಿಗೆ ಅಂತ ಸರ್ಕಾರವೇ ಬಿಟ್ಬಿಡುತ್ತೆ. ನೀವು ಖರ್ಚು ಮಾಡಿದ್ರೂ ಅಷ್ಟೆ, ಮಾಡದಿದ್ರೂ ಅಷ್ಟೆ. ಬಿಲ್ಲು ಯಾರೂ ಕೇಳಲ್ಲ."

ಸಾಲ ತೆಗೆದು ಮಾಡಿಸಿದ್ದರೆ ಬಡ್ಡಿಯನ್ನೂ ಕಳೆಯಬಹುದಿತ್ತಂತೆ. ಬಚ್ಚಲು ಕಟ್ಟಿಸಿದ ಬಿಲ್ಲುಗಳನ್ನು ಇಟ್ಟುಕೊಂಡರೆ ಮುಂದೆ ಮನೆ ಮಾರುವಾಗ ಪ್ರಯೋಜನಕ್ಕೆ ಬರುತ್ತವಂತೆ. ಅಂಗಡಿಯ ಲೆಕ್ಕ ಬೇರೆ, ಬಾಡಿಗೆ ಮನೆಯ ಲೆಕ್ಕ ಬೇರೆ.

"ಬಣ್ಣದ ಬಿಲ್ಲು?"

"ಅದು ಯಾತಕ್ಕೂ ಬೇಡ."

ವಾಪಸು ಬರುವ ಬಸ್ಸಿನಲ್ಲಿ ಅವಳಿಗೆ ಮುರಳಿಮೋಹನ್ ಮೇಷ್ಟ್ರ ಮೇಲೆ ಸಿಟ್ಟು ಬಂತು, ಸರ್ಕಾರದ ಮೇಲೆ ಬಂತು. ಸಾಲವಿಲ್ಲದೆ ಮಾಡಿಸಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಬಸ್ಸಿಳಿದು ನೆಟ್ಟಗೆ ದಸ್ತಗಿರ್‌ನ ಮನೆಗೆ ನಡೆದಳು.

ಅವನ ಹೆಂಡತಿ ಅಜೀಜಾ ಟೀ ಕೊಟ್ಟಳು. ದಸ್ತಗಿರ್ ಮುಖ ಗಂಟಿಕ್ಕಿಕೊಂಡೇ ಕೂತಿದ್ದ. ಬಂದು ಕೆಲಸ ಮುಗಿಸಿಕೊಡಿ, ಬಿಲ್ಲೇನೂ ಬೇಡ ಎಂದು ಯಾಮಿನಿ ಹೇಳಿದ್ದೇ, ಅವನು ಒಳಗೆ ಹೋಗಿ ಒಂದು ಪುಸ್ತಕ ತಂದು ಅವಳ ಮುಂದಿಟ್ಟ. ಮಸಿಯ ವಾಸನೆ ಇನ್ನೂ ಆರದ ಬಿಲ್ ಬುಕ್. ಮೇಲೆ ದಪ್ಪಕ್ಷರದಲ್ಲಿ, ಅಜೀಜಾ ಪೇಂಟಿಂಗ್ ವರ್ಕ್ಸ್.

"ಚಿಂತಾಮಣೀಲಿ ಅಚ್ಚು ಹಾಕ್ಸಿದ್ದು. ಇನ್ಮೇಲೆ ಯಾರ ಮನೇಲೂ ನಾನು ತಲೆ ತಗ್ಗಿಸ್ಬಾರ್ದು. ಒಂದನೇ ನಂಬರ್ ನಿಮಗೆ ಅಂತ್ಲೇ ಇಟ್ಟಿದೀನಿ."

ಅದು ಲೆಕ್ಕಕ್ಕೆ ಬರುವುದಿಲ್ಲ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಮುಖ ಮತ್ತೆ ಗಂಟಾಯಿತು. "ಅವತ್ತು ಬಿಲ್ಲಿಲ್ದೆ ದುಡ್ಡಿಲ್ಲ ಅಂದ್ರಿ. ಇವತ್ತು ಬಿಲ್ಲೇ ಬೇಡ ಅಂತೀರಿ. ತಗೊಳ್ಳೋದಾದ್ರೆ ನಾಳೆ ಏಣಿ ತರ್ತೀನಿ ಟೀಚರಮ್ಮ. ಇಲ್ಲಾಂದ್ರೆ ಬೇಡ."

ನೂರಕ್ಕೆ ಮೂವತ್ತರ ಕಥೆಯನ್ನು ಇವನಿಗೆ ಹೇಗೆ ಹೇಳುವುದು? ಹೇಳಿ ಮುಗಿಸುವುದರೊಳಗೆ ಆಷಾಢ ಹುಟ್ಟಿರುತ್ತದೆ.

"ಬೇಕು ಅಣ್ಣ," ಎಂದಳು. "ಕೊಡಿ."

"ಪುಸ್ತಕದ ಖರ್ಚೂ ಅದ್ರಲ್ಲೇ ಸೇರಿಸ್ರಿ," ಎಂದಳು ಅಜೀಜಾ, ಲೋಟ ಎತ್ತಿಕೊಳ್ಳುತ್ತ. "ಅಚ್ಚು ಹಾಕ್ಸೋ ಹಂಗೆ ಮಾಡಿದ್ದು ಟೀಚರಮ್ಮನೇ ತಾನೆ."

ಗೋಡೆ ಪೂರ್ತಿ ತಿಳಿಹಸಿರಾಯಿತು. ಅಮಾವಾಸ್ಯೆಯ ಹಿಂದಿನ ದಿನ ಕವಿತ ಹಾಲು ಉಕ್ಕಿಸಿದಳು. ದಸ್ತಗಿರ್ ಬಾಗಿಲಲ್ಲೇ ನಿಂತು, ಒಂದನೇ ನಂಬರಿನ ಹಾಳೆಯನ್ನು ಗೆರೆ ಕೆಡದ ಹಾಗೆ ಹರಿದು ಕೊಟ್ಟ. ಕೊನೆಯ ಸಾಲಿನಲ್ಲಿ 'ಅಚ್ಚಿನ ಖರ್ಚು' ಎಂದು ಬರೆದೇ ಬಿಟ್ಟಿದ್ದ. ಯಾಮಿನಿ ದುಡ್ಡು ಕೊಟ್ಟು, ಯಾತಕ್ಕೂ ಬೇಡದ ಆ ಹಾಳೆಯನ್ನು ಎರಡು ಸಲ ಮಡಿಸಿ, ಜೋಪಾನವಾಗಿ ಬ್ಯಾಗಿಗೆ ಹಾಕಿಕೊಂಡಳು. ಅವನು ನೋಡುತ್ತಿದ್ದ.