ಉಪ್ಪು ಹಾಕಿದ ನಿಂಬೆಹಣ್ಣಿಗೆ ಮಂತ್ರಿಗಳು ಕೊಟ್ಟ ಉತ್ತರ

ನಿನ್ನೆ ಮಧ್ಯಾಹ್ನ ಊಟ ಮಾಡಿ ಒರಗಿದಾಗ ಮತ್ತೆ ಅದೇ ಕನಸು. ದೊಡ್ಡ ಸಭೆ, ಸಾಲು ಸಾಲು ಕುರ್ಚಿ. ಯಾರೋ ಒಂದು ನಂಬರ್ ಕೂಗುತ್ತಾರೆ, ಉತ್ತರ ಕೊಡಬೇಕಾದವಳು ನಾನು. ಕೈಯಲ್ಲಿರುವ ಹಾಳೆ ಖಾಲಿ...

ಎದ್ದು ನೀರು ಕುಡಿದೆ. ಅದೆಲ್ಲ ನಡೆದು ಐವತ್ತು ವರ್ಷದ ಹತ್ತಿರ ಬಂತು, ಆ ಟೆನ್ಷನ್ ಇನ್ನೂ ಬಿಟ್ಟಿಲ್ಲ. ಬರೆದರಾದರೂ ಹೋದೀತು ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಆರನೆಯ ಇಯತ್ತೆ, ಅದೂ ನಡುನಡುವೆ ಬಿಟ್ಟು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಪ್ಪತ್ತರ ದಶಕ. ನಮ್ಮ ಇಂಡಿ ಊರಿನಲ್ಲಿ ಹುಸೇನಸಾಬ್ ಸಾವಕಾರರ ನಿಂಬೆಹಣ್ಣಿನ ಅಡತಿಯಲ್ಲಿ, ಅಂದರೆ ಹಣ್ಣು ಕೊಂಡು ಮಾರುವ ಮಂಡಿಯಲ್ಲಿ, ನಾವು ಹನ್ನೆರಡು ಹೆಂಗಸರು ಹಣ್ಣು ಆರಿಸುತ್ತಿದ್ದೆವು.

ಮಳೆಗಾಲದಲ್ಲಿ ಹಣ್ಣು ರಾಶಿ ಬಿದ್ದು ಯಾರೂ ಕೇಳದಿದ್ದಾಗ ಅದನ್ನು ಹೆಚ್ಚಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುವುದು. ಸೊಲ್ಲಾಪುರದ ಕಡೆ ಉಪ್ಪಿನಕಾಯಿ ಮಾಡುವವರು ಅದನ್ನು ಕೊಳ್ಳುತ್ತಿದ್ದರು.

ಒಂದು ವರ್ಷ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿದರು. ಹಸಿ ಹಣ್ಣಿಗೆ ತೆರಿಗೆ ಇಲ್ಲ, ಆದರೆ ಉಪ್ಪು ಬಿದ್ದ ಮೇಲೆ ಇದು ಉಪ್ಪಿನಕಾಯಿ, ತೆರಿಗೆ ಕಟ್ಟಿ ಅಂದರಂತೆ. ಕಟ್ಟಿದರೆ ಸಾವಕಾರರಿಗೆ ಏನೂ ಉಳಿಯುವುದಿಲ್ಲ.

"ಹಿಂಗಾದ್ರ ಉಪ್ಪಿನ ಕೆಲಸ ಬಂದ್ ಮಾಡ್ತೇನಿ ನೋಡ್ರವಾ" ಅಂದರು. ಬಂದ್ ಆದರೆ ನಮಗೆ ಎರಡು ತಿಂಗಳು ಕೆಲಸವಿಲ್ಲ.

ನಮ್ಮ ಶಾಸಕರು ಸಾವಕಾರರ ಗುರುತಿನವರು. ವಿಧಾನಸಭೆಯಲ್ಲಿ ಹಣಕಾಸು ಮಂತ್ರಿಗಳಿಗೆ ಪ್ರಶ್ನೆ ಹಾಕುತ್ತೇನೆ, ಆದರೆ ಮೊದಲು ತೆರಿಗೆ ಸಾಹೇಬರಿಗೆ ನಿಮ್ಮದೊಂದು ಅರ್ಜಿ ಹೋಗಿರಬೇಕು ಅಂದರು. ಸಾವಕಾರರಿಗೆ ಬರುತ್ತಿದ್ದದ್ದು ಉರ್ದು ಬರಹ. ಕನ್ನಡ ಅಕ್ಷರ ಗೊತ್ತಿದ್ದವಳು ಆ ಅಡತಿಯಲ್ಲಿ ನಾನೊಬ್ಬಳೇ.

"ಬರಿ ಶಾಂತವ್ವ. ಇದ್ದದ್ದು ಇದ್ದಂಗ ಬರದು ಪೋಸ್ಟಿಗೆ ಹಾಕು."

ಬರೆದೆ. ಅವರು ಸಹಿ ಮಾಡಿದರು. ಆದರೆ ಪೋಸ್ಟ್ ಡಬ್ಬಿಯ ಮುಂದೆ ನಿಂತಾಗ ಕೈ ಬರಲಿಲ್ಲ... ತಪ್ಪು ಅಕ್ಷರ ನೋಡಿ ಸಾಹೇಬರು ಸಿಟ್ಟಾದರೆ? ಬರೆದವರು ಯಾರು ಅಂತ ಪೊಲೀಸರು ಮನೆ ಹುಡುಕಿಕೊಂಡು ಬಂದರೆ?

ಅದರಲ್ಲೂ ಒಂದು ಸಾಲು. ‘ನಾವು ಉಪ್ಪು ಹಾಕುವುದು ರುಚಿಗಲ್ಲ, ಹಣ್ಣು ಕೊಳೆಯಬಾರದು ಎಂದು.’ ಸರ್ಕಾರಕ್ಕೆ ಯಾರಾದರೂ ಅಡುಗೆಮನೆಯ ಮಾತು ಬರೆಯುತ್ತಾರೆಯೇ?

ನಾಳೆ ತಿದ್ದಿ ಹಾಕಿದರಾಯಿತು ಅಂತ ಟ್ರಂಕಿನಲ್ಲಿ ಇಟ್ಟೆ. ಆ ನಾಳೆ ಬರಲೇ ಇಲ್ಲ. ಸಾವಕಾರರು ಕೇಳಿದಾಗ "ಹಾಕೇನ್ರಿ" ಅಂದುಬಿಟ್ಟೆ.

ಸೆಷನ್ ಮುಗಿಸಿ ಶಾಸಕರು ಅಡತಿಗೆ ಬಂದರು. ಕೈಯಲ್ಲಿ ಅಚ್ಚಾದ ಹಾಳೆ, ಒಂದು ಬದಿಗೆ ಪ್ರಶ್ನೆ, ಎದುರಿಗೆ ಉತ್ತರ.

(ಅ) ಉಪ್ಪು ಹಾಕಿದ ನಿಂಬೆಹಣ್ಣಿಗೆ ತೆರಿಗೆ ಕೇಳುತ್ತಿರುವ ಬಗ್ಗೆ ದೂರು ಬಂದಿದೆಯೇ? ಬಂದಿಲ್ಲ.
(ಆ) ಬಂದಿದ್ದರೆ ಕೈಗೊಂಡ ಕ್ರಮವೇನು? ಉದ್ಭವಿಸುವುದಿಲ್ಲ.

"ಏನ್ರಿ ಸಾವಕಾರ್ರ, ನಿಮ್ಮ ಮಾತ ನಂಬಿ ನಾ ಎದ್ದು ನಿಂತು ಅರ್ಜಿ ಕೊಟ್ಟಾರ ಅಂದೆ. ಮಂತ್ರಿಗಳು ತಾರೀಖು ಹೇಳ್ರಿ ಅಂದ್ರು. ಎಲ್ಲಿಂದ ಹೇಳ್ಲಿ? ಮಂದೆಲ್ಲಾ ನಕ್ಕರು."

ಸಾವಕಾರರು ಹಾಳೆಯನ್ನೇ ನೋಡುತ್ತಾ ಕುಳಿತರು. "ಹಂಗಾದ್ರ ಸರ್ಕಾರದ ಪುಸ್ತಕದಾಗ ನಾ ಸುಳ್ಳ ಹೇಳಿದಂಗಾತು."

ಬರೀ ಬಾಯಿಮಾತಿನ ಮೇಲೆ ಲಾರಿಗಟ್ಟಲೆ ಹಣ್ಣು ಕಳಿಸುತ್ತಿದ್ದ ಮನುಷ್ಯ ಅವರು.

ನಾನು ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಲಕೋಟೆ ತಂದು ಇಬ್ಬರ ನಡುವೆ ಇಟ್ಟೆ. "ಟ್ರಂಕಿನಾಗ ಉಳದಿತ್ರಿ" ಅಂದೆ.

ನನ್ನ ಪಕ್ಕ ಹಣ್ಣು ಆರಿಸುತ್ತಿದ್ದ ಕಾಶವ್ವ ಸುಮ್ಮನಿದ್ದಾಳೆಯೇ? "ಮಂತ್ರಿ ಖರೇನ ಹೇಳ್ಯಾನ ಬಿಡ್ರಿ! ಅರ್ಜಿ ಇಕಿ ಟ್ರಂಕಿನಾಗ ಸೀರಿ ಜೋಡಿ ಕುಂತಿತ್ತು." ಎಲ್ಲರೂ ನಕ್ಕರು, ಸಾವಕಾರರು ಮಾತ್ರ ನಗಲಿಲ್ಲ.

ಶಾಸಕರು ಲಕೋಟೆ ಒಡೆದು ಅರ್ಜಿ ಓದಿದರು. "ಛಲೋ ಬರದೀಯಲ್ಲವಾ! ಈ ರುಚಿ ಮಾತು ಕೈಯಾಗ ಇದ್ದಿದ್ರ ಉಪಪ್ರಶ್ನಿ ಕೇಳಾಕ ಬರ್ತಿತ್ತು. ಇನ್ನ ಮುಂದಿನ ಸೆಷನ್ ತನಕ ದಾರಿ ಕಾಯಬೇಕು."

ಸಾವಕಾರರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ತೆರಿಗಿ ಸಾಹೇಬ್ರು ನಾಳೆ ಸಿಂದಗಿಗೆ ಬರ್ತಾರಂತ. ನೀನ ಹೋಗಿ ಕೈಯಾಗ ಕೊಡು. ನಕಲಿನ ಮ್ಯಾಲ ಶಿಕ್ಕಾ ಹೊಡಸ್ಕೊಂಡು ಬಾ."

ಬಸ್ಸಿನಲ್ಲಿ ಸಿಂದಗಿ ಬರುವವರೆಗೆ ಏನೇನು ಕೇಳುತ್ತಾರೋ ಎಂದು ಉತ್ತರ ಕಟ್ಟಿಕೊಂಡೇ ಕುಳಿತಿದ್ದೆ. ಅಲ್ಲಿನ ಗುಮಾಸ್ತರು ನನ್ನ ಮುಖ ಸಹ ನೋಡಲಿಲ್ಲ. ನಕಲಿನ ಮೇಲೆ ತಾರೀಖಿನ ಮುದ್ರೆ ಒತ್ತಿ "ಹಾಂ, ನಡೀರಿ" ಅಂದರು. ಇಷ್ಟಕ್ಕಾಗಿ ನಾನು ಅಷ್ಟು ದಿನ ಹೆದರಿದ್ದು...

ಆ ಮಳೆಗಾಲ ಉಪ್ಪಿನ ಕೆಲಸ ನಡೆಯಲಿಲ್ಲ. ಹನ್ನೆರಡು ಮಂದಿಯೂ ಹೊಲಗಳಿಗೆ ಕಳೆ ತೆಗೆಯಲು ಹೋದೆವು. ಕಾಶವ್ವ ನನ್ನನ್ನು ದಿನವೂ "ಏ ಮಂತ್ರಿ, ಸರಿ ಆಚಿಗೆ" ಅಂತಲೇ ಕರೆದಳು. ನಾನು ಸುಮ್ಮನೆ ಸರಿಯುತ್ತಿದ್ದೆ.

ಮುಂದಿನ ಸೆಷನ್‌ನಲ್ಲಿ ಶಾಸಕರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರಂತೆ. ಶಿಕ್ಕಾ ಬಿದ್ದ ತಾರೀಖನ್ನೂ ಹೇಳಿದರಂತೆ. ಮರುವರ್ಷ ಪೀಪಾಯಿ ಹೇರಿದ ಲಾರಿ ತಡೆಯಿಲ್ಲದೆ ದಾಟಿತು, ನಮಗೆ ಕೆಲಸ ಮರಳಿ ಬಂತು.

"ಈ ಸಲ ಬಂದಿದೆ ಅಂತ ಒಪ್ಪಿಕೊಂಡಾರ್ರಿ" ಅಂದರು ಶಾಸಕರು. ಆದರೆ ಅಚ್ಚಾದ ಹಾಳೆ ತಂದಿರಲಿಲ್ಲ. ಸಾವಕಾರರು ಎರಡು ಸಲ ಕೇಳಿದರು, ಶಾಸಕರು ಮುಂದಿನ ಸಲ ತರುತ್ತೇನೆ ಅಂದರು. ಆಮೇಲೆ ಚುನಾವಣೆಯಲ್ಲಿ ಸೋತರು, ಈ ಕಡೆ ಬರುವುದೇ ನಿಂತಿತು.

ಸಾವಕಾರರು ತೀರಿಕೊಂಡು ಬಹಳ ವರ್ಷವಾಯಿತು. ಆ ಹಾಳೆ ಅವರು ನೋಡಲಿಲ್ಲ, ನಾನೂ ನೋಡಿಲ್ಲ.

ಬೆಂಗಳೂರಿನಲ್ಲಿ ವಿಧಾನಸಭೆಯ ಹಳೆಯ ನಡಾವಳಿ ಪುಸ್ತಕಗಳನ್ನು ಇಟ್ಟಿರುತ್ತಾರಂತೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಇಂಡಿಯ ನಿಂಬೆಹಣ್ಣಿನ ಎರಡನೆಯ ಉತ್ತರ ಒಂದು ಸಲ ತೆಗೆದು ನೋಡಿ ಹೇಳುತ್ತೀರಾ... (ಅ) ಎದುರಿಗೆ ‘ಬಂದಿದೆ’ ಅಂತಲೇ ಇದೆಯಾ?