ಹಳೆ ಫೋನಿನ ಹಲ್ಲು ನೋಡುವ ತಿಲಗವತಿ

ಬೋಡಿಯ ಜೀಪು ಸ್ಟ್ಯಾಂಡಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಂಗಸರನ್ನು ತುಂಬಿಕೊಂಡು ಬೋಡಿಮೆಟ್ಟಿನ ಘಾಟಿ ಹತ್ತುವ ಜೀಪುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಮೇಲೆ ಏಲಕ್ಕಿ ತೋಟಗಳು. ಕೆಳಗೆ ಚಹದಂಗಡಿ, ಅದರ ಪಕ್ಕದ ಹುಣಸೆಮರ, ಮರದ ಬುಡದಲ್ಲಿ ಒಂದು ಬೆಂಚು. ತಿಲಗವತಿ ಬೆಂಚಿನ ಮೇಲೆ ಮರದ ಪೆಟ್ಟಿಗೆ ಇಟ್ಟು ಬೀಗ ತೆಗೆಯುತ್ತಾರೆ. ಒಳಗೆ ಹಳೆಯ ಸ್ಮಾರ್ಟ್‌ಫೋನುಗಳು ಸೀರೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿವೆ. ಒಂದನ್ನು ಎತ್ತಿ, ಬ್ಯಾಟರಿ ಉಬ್ಬಿದೆಯೋ ಎಂದು ಬೆನ್ನನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಚಾರ್ಜರ್ ಚುಚ್ಚುವ ತೂತಿಗೆ ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕುತ್ತಾರೆ.

“ಅಲ್ಲು ನೋಡ್ತಾ ಇವ್ನಿ ಅಣ್ಣಾ,” ಎನ್ನುತ್ತಾರೆ ನನ್ನ ಕಡೆ ತಿರುಗದೆ. “ಅಸಕ್ಕಾದ್ರೆ ಬಾಯಿ ಬಿಡಿಸಿ ನೋಡ್ತೀವಿ. ಇದಕ್ಕೆ ಬಾಯಿ ಕೆಳ್ಗಡೆ ಐತೆ, ಅಷ್ಟೇ ದಾ.”

ಅಸ ಎಂದರೆ ಹಸು, ಅಲ್ಲು ಎಂದರೆ ಹಲ್ಲು. ಶತಮಾನಗಳ ಹಿಂದೆ ಈ ತಮಿಳು ಸೀಮೆಗೆ ಬಂದು ಬೇರೂರಿದ ಕನ್ನಡ ಒಕ್ಕಲು ಮನೆಗಳ ಮಾತಿನಲ್ಲಿ ಹಕಾರ ಉದುರಿ ಬಹಳ ಕಾಲವಾಗಿದೆ, ತಮಿಳು ಧಾರಾಳವಾಗಿ ಬಂದು ಕೂತಿದೆ. ಹಸುವಿನ ಲೆಕ್ಕ ಮಾತ್ರ ಹಾಗೇ ಇದೆ. ತಿಲಗವತಿಯವರ ಅಪ್ಪ ಕರುಪ್ಪಯ್ಯ ಓಡೈಪಟ್ಟಿಯವರು. ಊರೆಲ್ಲ ದ್ರಾಕ್ಷಿ ಚಪ್ಪರ ಹಾಕಿ ಕೂತಿದ್ದರೆ ಅವರು ದನದ ದಲ್ಲಾಳಿಯಾಗಿ ಸಂತೆ ಸಂತೆ ತಿರುಗಿದವರು. ಮಗಳು ಅದೇ ಕಸುಬನ್ನು ಫೋನಿನ ಮೇಲೆ ಮಾಡುತ್ತಿದ್ದಾರೆ ಎಂದರೆ ನಗಬೇಡಿ. ನಾನು ನಕ್ಕೆ, ಚೆನ್ನಾಗಿ ಬೈಸಿಕೊಂಡೆ.

ಹಳೆಯ ಫೋನು ಕೊಳ್ಳಬಹುದೇ ಎಂಬ ಪ್ರಶ್ನೆ ಹಿಡಿದು ನಾನು ಇಲ್ಲಿಗೆ ಬಂದದ್ದು. ಪೇಟೆಯಲ್ಲಿ ಈ ಪ್ರಶ್ನೆಗೆ ಸಿಗುವುದು ಒಂದೇ ಉತ್ತರ: ಬೇಡ, ಹೊಸದು ಬಂದಿದೆ. ನನಗಂತೂ ಈ ಉತ್ತರ ಕೇಳಿದರೆ ಮೈ ಉರಿಯುತ್ತದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಯಾವ ಹೊಸ ಫೋನು ತಾನೇ ಮೊದಲ ತಿಂಗಳು ಚೆನ್ನಾಗಿ ಓಡುವುದಿಲ್ಲ? ನನ್ನ ಜೇಬಿನ ಹೊಸ ಫೋನನ್ನು ತೋರಿಸಿ, ಹೇಗಿದೆ ಎಂದು ತಿಲಗವತಿಯವರನ್ನು ಕೇಳಿದೆ. ಅವರು ಅದನ್ನು ಮುಟ್ಟಲೂ ಇಲ್ಲ.

“ಒಸದರ ಬಗ್ಗೆ ನಾ ಏನ್ ಏಳ್ಲಿ? ಅದು ಇನ್ನೂ ಬದುಕೇ ಇಲ್ಲ. ಮಳೇಲಿ ನೆಂದಿಲ್ಲ, ಕೈಯಿಂದ ಬಿದ್ದಿಲ್ಲ. ನಾಕು ವರ್ಸ ಆದ್ಮ್ಯಾಲೆ ತಗಂಡು ಬನ್ನಿ, ಏಳ್ತೀನಿ.”

ಇವತ್ತು ಅವರ ಕಣ್ಣು ಪೆಟ್ಟಿಗೆಗಿಂತ ರಸ್ತೆಯ ಮೇಲೆ ಹೆಚ್ಚು. ಪೊನ್ನುತಾಯಿ ಎಂಬ ಏಲಕ್ಕಿ ಬಿಡಿಸುವ ಹೆಂಗಸು ಬರಬೇಕು. ಆಕೆ ಒಯ್ದಿರುವ ಫೋನಿನ ಪರೀಕ್ಷೆ ಈ ಬೆಳಿಗ್ಗೆ ಮುಗಿಯುತ್ತದೆ. ಆಕೆ ಒಪ್ಪಿದರೆ ಅದೇ ಜೀಪಿನ ಉಳಿದ ಹೆಂಗಸರೂ ಈ ಬೆಂಚಿಗೆ ಬರುತ್ತಾರೆ. ಒಪ್ಪದಿದ್ದರೆ ಎಲ್ಲರೂ ರಸ್ತೆಯ ಆಚೆ ಬದಿಯಲ್ಲಿ ಹೊಸ ಫೋನು ಮಾರುವ ಗಾಜಿನ ಅಂಗಡಿಗೆ ನಡೆಯುತ್ತಾರೆ. ಅಲ್ಲಿಗೆ ಹುಣಸೆಮರದ ವ್ಯಾಪಾರ ಮುಗಿದ ಹಾಗೆ.

ಪರೀಕ್ಷೆಯ ಕತೆ ತಿಳಿಯಬೇಕಾದರೆ ಕರುಪ್ಪಯ್ಯನವರ ದನದ ವ್ಯಾಪಾರ ತಿಳಿಯಬೇಕು. ಅವರ ಕೈಯಿಂದ ಹಸು ಕೊಂಡವನು ದುಡ್ಡು ಕೊಡುವ ಮೊದಲು ಅದನ್ನು ಮನೆಗೆ ಹೊಡೆದುಕೊಂಡು ಹೋಗಿ, ಒಂದು ಸಂತೆಯಿಂದ ಇನ್ನೊಂದು ಸಂತೆಯವರೆಗೆ ತನ್ನ ಕೊಟ್ಟಿಗೆಯಲ್ಲಿ ಕಟ್ಟಿ ನೋಡಬೇಕಿತ್ತು. ಮೇವು ತಿನ್ನುತ್ತದೆಯೇ, ಒದೆಯುತ್ತದೆಯೇ, ಮನೆಯ ಹೆಂಗಸಿನ ಕೈಗೆ ಹಾಲು ಬಿಡುತ್ತದೆಯೇ? ಅಷ್ಟು ದಿನವೂ ಕೊರಳಲ್ಲಿ ಮಾರುವವನ ಹಗ್ಗವೇ. ಹಿಡಿಸಿತೋ, ಕೊಂಡವನು ತನ್ನ ಮನೆಯಲ್ಲಿ ಹೊಸೆದ ಹಗ್ಗ ಕಟ್ಟಿ ಹಳೆಯದನ್ನು ತಂದು ಒಪ್ಪಿಸುತ್ತಾನೆ. ಹಿಡಿಸಲಿಲ್ಲವೋ, ಅದೇ ಹಗ್ಗ ಹಿಡಿದು ಹಸುವನ್ನೇ ತಂದು ಬಿಡುತ್ತಾನೆ. ಜಗಳವಿಲ್ಲ, ಮಾತಿಲ್ಲ.

ತಿಲಗವತಿಯವರ ಪ್ರತಿ ಫೋನೂ ಹೀಗೇ ಮನೆ ನೋಡಲು ಹೋಗುತ್ತದೆ, ಒಂದು ಕೆಂಪು ದಾರ ಕಟ್ಟಿಸಿಕೊಂಡು. ಹಿಡಿಸಿದರೆ ದಾರ ವಾಪಸು ಬರುತ್ತದೆ, ಹಿಡಿಸದಿದ್ದರೆ ಫೋನೇ ಬರುತ್ತದೆ. ಮಾರಲು ಬರುವವರಿಗೂ ಕಟ್ಟಳೆಯುಂಟು. ಮನೆಯ ಇನ್ನೊಬ್ಬರನ್ನು ಜೊತೆಗೆ ಕರೆತರಬೇಕು, ಬಿಲ್ಲು ತೋರಿಸಬೇಕು, ಫೋನಿನೊಳಗಿನ ತಮ್ಮ ಖಾತೆ, ಚಿತ್ರ, ನಂಬರುಗಳನ್ನೆಲ್ಲ ಅವರ ಮುಂದೆಯೇ ಅಳಿಸಬೇಕು. “ಅಗ್ಗ ಬಿಚ್ಚಿ ಕೊಡಿ” ಎಂದೇ ಅದಕ್ಕೆ ಹೆಸರು, ಅಗ್ಗ ಎಂದರೆ ಹಗ್ಗ. ಕದ್ದ ಫೋನು ಮಾರುತ್ತಾಳೆ ಎಂದು ಯಾರೋ ಚಾಡಿ ಹೇಳಿ ಪೊಲೀಸರು ಪೆಟ್ಟಿಗೆ ಹೊತ್ತೊಯ್ದದ್ದೂ ಉಂಟು. ಒಂದರಲ್ಲೂ ಹಳೆಯ ಖಾತೆಯ ಹಗ್ಗ ಉಳಿದಿರಲಿಲ್ಲ, ಪೆಟ್ಟಿಗೆ ಹಾಗೇ ವಾಪಸು ಬಂತು.

ತಿಲಗವತಿ ಸ್ಕ್ರೂಡ್ರೈವರ್ ಹಿಡಿದದ್ದು ದಿಂಡಿಗಲ್ಲಿನಲ್ಲಿ. ಮದುವೆಯಾಗಿ ಹೋದ ಮನೆ ಬೀಗ ಮಾಡುವ ಮನೆ. ಗಂಡ ಗಣೇಶನ್ ಬೀಗದ ಒಳಗಿನ ತಗಡುಗಳನ್ನು ಅರದಿಂದ ಉಜ್ಜುತ್ತಿದ್ದರೆ ಇವರು ಪಕ್ಕದಲ್ಲಿ ಕೂತು ಜೋಡಿಸುತ್ತಿದ್ದರು. ಕೈಬೀಗದ ಕೆಲಸ ಕಡಿಮೆಯಾದಾಗ ಅಲ್ಲಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಾಜು ಒರೆಸುವ ಕೆಲಸಕ್ಕೆ ಸೇರಿದರು. ಒರೆಸುತ್ತಾ ಒರೆಸುತ್ತಾ ಬಿಚ್ಚುವುದು ಕಲಿತರು, ಆಮೇಲೆ ಕೂಡಿಸುವುದು. ಗಣೇಶನ್ ಅವರ ಅಣ್ಣ ಬೋಡಿಯಲ್ಲಿದ್ದ ಮನೆಯನ್ನು ಇವರಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿಗೆ ಬಂದು ಮರದ ಕೆಳಗೆ ಕೂತರು. ಶುರುವಿನಲ್ಲಿ ಗಂಡಸರು ಫೋನು ಕೊಡುತ್ತಿರಲಿಲ್ಲ. ರಿಪೇರಿ ಮಾಡುವವರು ಎಲ್ಲಿ ಎಂದು ಇವರನ್ನೇ ಕೇಳುತ್ತಿದ್ದರಂತೆ.

“ಒಳ್ಗೆ ಓಗವ್ರೆ, ಕುಂತ್ಕಳಿ ಅಂತಿದ್ದೆ. ಅವ್ರು ಕುಂತಿರಾಗ ನಾನೇ ಬಿಚ್ಚಿ ಸರಿ ಮಾಡಿ ಕೈಗೆ ಕೊಟ್ಬುಡೋದು. ಮರಕ್ಕೆ ಎಲ್ಲಿ ಒಳ್ಗೆ?” ಎಂದು ಗೊಳ್ಳೆಂದು ನಗುತ್ತಾರೆ.

ಈ ನಗು ಕಳೆದ ತಿಂಗಳು ನಿಂತಿತ್ತು. ಪೊನ್ನುತಾಯಿ ದುಡಿಯುವ ತೋಟದಲ್ಲಿ ಹಾಜರಿಯನ್ನು ಫೋನಿಗೆ ಹಾಕಿದರು. ಗೇಟಿನ ಮುಂದೆ ನಿಂತು ಪ್ರತಿಯೊಬ್ಬರೂ ತಮ್ಮ ಫೋನಿಗೆ ಮುಖ ತೋರಿಸಬೇಕು. ಫೋನಿಲ್ಲದವರ ಹಾಜರಿಯನ್ನು ಮೇಸ್ತ್ರಿ ತನ್ನ ಫೋನಿನಲ್ಲಿ ಹಾಕುತ್ತಾನೆ, ನೆನಪಾದರೆ. ಮೇಸ್ತ್ರಿಯ ನೆನಪನ್ನು ನಂಬಿ ಬದುಕುವ ಹೆಂಗಸಲ್ಲ ಪೊನ್ನುತಾಯಿ. ನೆಟ್ಟಗೆ ತಿಲಗವತಿಯ ಬಳಿ ಬಂದು ಒಂದು ಹಳೆಯ ಫೋನು ಒಯ್ದರು. ನೋಡಲು ಲಕ್ಷಣವಾದ ಫೋನು: ಗಾಜಿನ ಮೇಲೆ ಗೀರಿಲ್ಲ, ಬ್ಯಾಟರಿ ಗಟ್ಟಿ, ದನಿ ಸ್ಪಷ್ಟ. ತೋಟದ ಗೇಟಿನಲ್ಲಿ ಅದು ಕೈಕೊಟ್ಟಿತು. ಈ ಫೋನಿನಲ್ಲಿ ಈ ಆ್ಯಪ್ ನಡೆಯುವುದಿಲ್ಲ ಎಂದು ಬರೆದು ತೋರಿಸಿತು. ಮೇಸ್ತ್ರಿ ಅಂದು ಗೈರುಹಾಜರಿ ಹಾಕಿದ. ಸಂಜೆ ಜೀಪಿನಿಂದ ಇಳಿದ ಪೊನ್ನುತಾಯಿ ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ಕೂಗಿದರು: “ದಿನಾ ಪೂರ್ತಿ ಬೆನ್ನು ಬಗ್ಸಿವ್ನಿ, ನಿನ್ನ ಫೋನು ನಾ ಬಂದೇ ಇಲ್ಲ ಅಂತ ಏಳ್ಬುಡ್ತಲ್ಲೇ ತಿಲಗಾ!”

ತಪ್ಪು ಎಲ್ಲಿ ಆಯಿತು? ಅಪ್ಪನ ಮಾತಿನಲ್ಲೇ. ಕರುಪ್ಪಯ್ಯ ಮಗಳಿಗೆ ಹೇಳಿಕೊಟ್ಟದ್ದು: ಇನ್ನೂ ಕರು ಹಾಕದ ಕಡಸನ್ನು ಕೊಳ್ಳಬೇಡ, ಮೂರು ಕರು ಹಾಕಿದ ಹಸು ಕೊಳ್ಳು; ಅದರ ಗುಣ ಗೊತ್ತಿರುತ್ತದೆ. ಹಾಗಾಗಿ ತಿಲಗವತಿ ಹೆಚ್ಚು ಬಾಳಿದ, ಗಟ್ಟಿಮುಟ್ಟಾದ ಫೋನನ್ನೇ ಹುಡುಕಿ ಹುಡುಕಿ ಇಡುತ್ತಿದ್ದರು. ಹಸುವಿಗೆ ಈ ಲೆಕ್ಕ ಸರಿ. ಫೋನಿಗೆ ಮೈ ಗಟ್ಟಿ ಇದ್ದರೆ ಸಾಲದು. ಅದನ್ನು ಮಾಡಿದ ಕಂಪನಿ ಆಗಾಗ ಒಳಗಿನ ಸಾಫ್ಟ್‌ವೇರನ್ನು ಹೊಸದು ಮಾಡುತ್ತಿರಬೇಕು. ಅದು ನಿಂತರೆ ಬ್ಯಾಂಕು, ಹಾಜರಿ, ಒಂದೊಂದೇ ಆ್ಯಪ್ ಮುಖ ತಿರುಗಿಸುತ್ತವೆ, ಕಳ್ಳರು ನುಗ್ಗುವ ದಾರಿಯೂ ತೆರೆಯುತ್ತದೆ. ಇದು ತಿಲಗವತಿಯವರಿಗೆ ಗೊತ್ತಿರಲಿಲ್ಲವೆಂದಲ್ಲ, ಮೈಕಟ್ಟು ನೋಡಿ ಮರೆತರು. ಈ ಮಾತು ಬಂದಾಗ ಅವರ ದನಿ ಏರುತ್ತದೆ.

“ಅಸಕ್ಕೆ ವಯಸ್ಸು ಮಾಡೋದು ದೇವ್ರು. ಇದಕ್ಕೆ ವಯಸ್ಸು ಮಾಡೋದು ಕಂಪನಿಯೋನು! ಕಾಲು ಗಟ್ಟಿ ಐತೆ, ಕಣ್ಣು ಕಾಣ್ತೈತೆ, ಅವ್ನು ಮೇವು ನಿಲ್ಸ್‌ಬುಟ್ಟು ಕುಪ್ಪೆಗೆ ಆಕು ಅಂತಾನೆ. ನಾ ಆಕಲ್ಲ. ಆದ್ರೆ ಮೇವು ನಿಂತಿದ್ನ ಪೊನ್ನುತಾಯತ್ತೆಗೆ ಕೊಟ್ನಲ್ಲಾ, ಅದು ನನ್ ತಪ್ಪು. ಅದನ್ನೂ ಏಳ್ತೀನಿ, ಬರ್ಕಳಿ.”

ಮೇವು ಎಂದರೆ ಕಂಪನಿ ಕಳಿಸುವ ಸಾಫ್ಟ್‌ವೇರು, ಕುಪ್ಪೆ ಎಂದರೆ ಇಲ್ಲಿ ಕಸ. ಆ ಮಾತನ್ನು ಇವರ ಪೆಟ್ಟಿಗೆಗೆ ಮೊದಲು ಅಂಟಿಸಿದ್ದು ಎದುರಿನ ಗಾಜಿನ ಅಂಗಡಿಯ ಮ್ಯಾನೇಜರ್ ಮುತ್ತುಕುಮಾರ್. ಕೆಟ್ಟ ಮನುಷ್ಯನಲ್ಲ, ಹಬ್ಬಕ್ಕೆ ಇವರ ಮನೆಗೆ ಬಂದು ಉಂಡು ಹೋಗುವವನೇ. ಪೊನ್ನುತಾಯಿಯ ಗಲಾಟೆಯ ಮಾರನೆಯ ದಿನ ಬಂದು, ಪೆಟ್ಟಿಗೆಯನ್ನು ಎಕ್ಸ್‌ಚೇಂಜಿಗೆ ಸುರಿದು ತನ್ನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಳ್ಳಲು ಕರೆದ. ಕುರ್ಚಿ, ಏಸಿ, ತಿಂಗಳ ಸಂಬಳ. ಇವರು ಕೊಟ್ಟ ಉತ್ತರ ಬೋಡಿಯಲ್ಲಿ ಎಲ್ಲರಿಗೂ ಗೊತ್ತು: “ಏಸೀಲಿ ಕುಂತ್ರೆ ನಂಗೆ ನೆಗಡಿ ಆಯ್ತದೆ ತಂಬಿ. ನಿನ್ ಗಾಜಿನ ಮನೇಲಿ ಒಬ್ರಿಗಾದ್ರೂ ಫೋನು ಕಟ್ಟಿ ನೋಡಕ್ಕೆ ಬುಡ್ತೀಯಾ? ಅದಕ್ಕೆ ಊಂ ಅಂತೀಯಾದ್ರೆ ನಾಳೇನೇ ಬತ್ತೀನಿ.” ಮುತ್ತುಕುಮಾರ್ ಅದಕ್ಕೆ ಹೂಂ ಎನ್ನಲಿಲ್ಲ. ಜೀಪಿನ ಹೆಂಗಸರಿಗೆ ಕಂತಿನ ಮೇಲೆ ಹೊಸ ಫೋನು ಎಂಬ ಚೀಟಿ ಹಂಚಿದ.

ಅಂದಿನಿಂದ ತಿಲಗವತಿ ಪೆಟ್ಟಿಗೆಯನ್ನು ಎರಡು ಭಾಗ ಮಾಡಿದ್ದಾರೆ. ಕಂಪನಿ ಇನ್ನೂ ಎರಡು ವರ್ಷವಾದರೂ ಮೇವು ಹಾಕುವ ಫೋನುಗಳು ಒಂದು ಕಡೆ. ಇವನ್ನು ಯಾರಿಗೆ ಬೇಕಾದರೂ ಕೊಡುತ್ತಾರೆ. ಮೇವು ನಿಂತವು ಇನ್ನೊಂದು ಕಡೆ. ಅವನ್ನು ಬ್ಯಾಂಕು, ಹಾಜರಿ ಎಂದು ಬಂದವರಿಗೆ ಮುಟ್ಟಿಸುವುದೂ ಇಲ್ಲ. ಹಾಡು ಕೇಳುವ ಮುದುಕರಿಗೆ ಕೊಡುತ್ತಾರೆ, ಇಲ್ಲವೇ ಬಿಚ್ಚಿ ಗಾಜು, ಸ್ಪೀಕರು ತೆಗೆದು ಬೇರೆಯವಕ್ಕೆ ಜೋಡಿಸುತ್ತಾರೆ. ನೀರು ಕುಡಿದದ್ದು, ಬೆನ್ನು ಉಬ್ಬಿದ್ದು ಎಷ್ಟು ಹೊಸದಾದರೂ ಬೇಡ. ಬಿಡಿಭಾಗ ದಿಂಡಿಗಲ್ಲಿನಲ್ಲಿ ಸಿಗದ ಫೋನು, ಎಷ್ಟು ಚೆಂದವಾದರೂ ಬೇಡ. ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದು ಎನ್ನುತ್ತಾರೆ. ಇದು ದಾನದ ಎಮ್ಮೆಯಲ್ಲ, ನೋಡಲೇಬೇಕು. ನಾನು ಹಿಡಿದು ಬಂದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆಲ್ಲೂ ಸಿಕ್ಕಿಲ್ಲ.

ಎರಡನೆಯ ಫೋನನ್ನು ಪೊನ್ನುತಾಯಿಗೆ ಕೊಡುವಾಗ ತಿಲಗವತಿ ಬೆಂಚಿನಿಂದ ಎದ್ದು ನಿಂತು ಕೊಟ್ಟರಂತೆ. ಇದೂ ನಾಲ್ಕು ವರ್ಷ ಹಳೆಯದೇ, ಬ್ಯಾಟರಿ ಮಾತ್ರ ಹೊಸದು. “ಒಸದೇ ಕೊಟ್ಬುಡಬೋದಿತ್ತಲ್ಲ, ಮಾನ ಉಳೀತಿತ್ತು” ಎಂದು ಗಂಡ ಹೇಳಿದರಂತೆ. “ಅಳೇದ್ರಲ್ಲಿ ಓದ ಮಾನ ಅಳೇದ್ರಲ್ಲೇ ಬರ್ಬೇಕು” ಎಂದು ಇವರು.

ಜೀಪು ಹಾರ್ನ್ ಹೊಡೆಯುತ್ತದೆ. ಹೆಂಗಸರು ತಲೆಗೆ ಟವಲು ಸುತ್ತಿಕೊಂಡು, ಬುತ್ತಿಯ ಡಬ್ಬಿ ಹಿಡಿದು ಹತ್ತುತ್ತಿದ್ದಾರೆ. ಎದುರಿನ ಶಟರು ಅರ್ಧ ಎದ್ದಿದೆ. ಮುತ್ತುಕುಮಾರ್ ಹೊರಗೆ ನಿಂತು ಚಹ ಕುಡಿಯುತ್ತಿದ್ದಾನೆ. ಎಲ್ಲರಿಗಿಂತ ಕಡೆಗೆ ಪೊನ್ನುತಾಯಿ ಬರುತ್ತಾರೆ. ತೆಳ್ಳನೆಯ, ಚುರುಕು ನಡಿಗೆಯ ಮುದುಕಿ. ಕೈಯಲ್ಲಿ ಏನೂ ಇಲ್ಲ. ತಿಲಗವತಿ ಹಿಡಿದಿದ್ದ ಸ್ಕ್ರೂಡ್ರೈವರನ್ನು ಕೆಳಗಿಡುತ್ತಾರೆ.

“ಎಂಗೈತೆ ಅತ್ತೆ?”

“ಎಂಗೈತೆ ಅಂದ್ರೆ? ಮೆಟ್ಟಿನ ಮ್ಯಾಲೆ ಒಂದೇ ಮಂಜು. ಮೊದ್ಲು ಮೊಕ ಕಾಣಲ್ಲ ಅಂತು. ಸೆರಗ್ನಾಗ ಅದರ ಕಣ್ಣು ಒರೆಸ್ದೆ, ನನ್ ಮೊಕಾನೂ ಒರೆಸ್ಕಂಡೆ. ಆಮ್ಯಾಲೆ ದಿನಾನೂ ಬಂದೆ ಅಂತ ಏಳ್ತೈತೆ. ಮೇಸ್ತ್ರಿಗೇ ಎರಡು ದಿನ ಗೈರು ಬಿತ್ತು, ನಂಗೆ ಬೀಳ್ಲಿಲ್ಲ.”

ಜೀಪಿನೊಳಗೆ ನಗು. ಪೊನ್ನುತಾಯಿ ಸೊಂಟದ ಚೀಲದಿಂದ ಕೆಂಪು ದಾರ ತೆಗೆದು ಬೆಂಚಿನ ಮೇಲೆ ಇಡುತ್ತಾರೆ. ಆಮೇಲೆ ರವಿಕೆಯೊಳಗಿನಿಂದ ಫೋನನ್ನು ಹೊರಗೆಳೆಯುತ್ತಾರೆ. ಅದು ಕೊರಳಿಗೆ ನೇತುಬಿದ್ದಿದೆ. ಏಲಕ್ಕಿ ಮೂಟೆಯ ಸೆಣಬಿನ ಎಳೆ ಬಿಡಿಸಿ, ಮೂರು ಎಳೆ ಸೇರಿಸಿ ತಾವೇ ಹೊಸೆದ ಹಗ್ಗ.

ಮುತ್ತುಕುಮಾರ್ ಆ ಬದಿಯಿಂದ ಕೂಗುತ್ತಾನೆ, ತಮಿಳಿನಲ್ಲಿ: ಅಜ್ಜೀ, ಕಂತಿನಲ್ಲಿ ಹೊಸದೇ ಸಿಗುತ್ತಲ್ಲ, ಈ ಹಳೇದು ಯಾಕೆ?

“ಕಟ್ಟಾಯ್ತು ಕಣಪ್ಪಾ,” ಪೊನ್ನುತಾಯಿ ಕನ್ನಡದಲ್ಲೇ ಹೇಳಿ ಜೀಪು ಹತ್ತುತ್ತಾರೆ. ಅವನಿಗೆ ಮಾತು ಕೇಳಿಸಿತೋ ಇಲ್ಲವೋ, ಹಗ್ಗ ಕಾಣಿಸಿತು.

ಜೀಪು ಹೊರಡುವ ಮೊದಲು ಮೂವರು ಹೆಂಗಸರು ಇಳಿದು ಬಂದು ಪೆಟ್ಟಿಗೆಗೆ ಬಗ್ಗಿದರು. ತಿಲಗವತಿ ಅವರ ಕೈ ಸರಿಸಿ, “ಮೇವು ಇರೋದು ಈ ಕಡೆ. ಆ ಕಡೇದು ಮುಟ್ಟಬ್ಯಾಡಿ,” ಎಂದು ಗದರಿದರು. ಪ್ರತಿ ಫೋನಿಗೂ ಕೆಂಪು ದಾರ ಕಟ್ಟಿ ಕೊಟ್ಟರು. ಡ್ರೈವರ್ ಗೊಣಗಿದ, ಕಾದ. ಮಂಜು ಇಳಿಯುತ್ತಿದ್ದ ಘಾಟಿಯ ಕಡೆ ಜೀಪು ಹೊರಟಿತು.

ನಿಮಗೆ ಆಸೆ ಏನಾದರೂ ಇದೆಯೇ ಎಂದು ಕೇಳಿದೆ. ಅಂಗಡಿ, ಬೋರ್ಡು ಎಂದೇನಾದರೂ ಹೇಳುತ್ತಾರೆಂದುಕೊಂಡಿದ್ದೆ.

“ಕಂಪನಿಯೋರು ಫೋನಿನ ಡಬ್ಬದ ಮ್ಯಾಲೆ ದಪ್ಪಕ್ಷರದಾಗ ಬರೀಲಿ, ಎಷ್ಟು ವರ್ಸ ಮೇವು ಆಕ್ತೀವಿ ಅಂತ. ಅಷ್ಟು ಬರದ್ರೆ ಸಾಕು, ಮಿಕ್ಕಿದ್ದು ನಾ ನೋಡ್ಕತೀನಿ.”

ಪೊನ್ನುತಾಯಿ ಬಿಟ್ಟು ಹೋದ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಬೆಂಚಿನ ಮೇಲೆ ಕೂರುತ್ತಾರೆ. ಎದುರಿನ ಗಾಜಿನ ಮೇಲೆ ಮುತ್ತುಕುಮಾರ್ ಹೊಸ ಮಾಡೆಲಿನ ಚಿತ್ರ ಅಂಟಿಸುತ್ತಿದ್ದಾನೆ. ತಿಲಗವತಿ ಅದನ್ನು ಒಂದು ಗಳಿಗೆ ನೋಡುತ್ತಾರೆ.

“ಬರ್ಲಿ ಬರ್ಲಿ,” ಎನ್ನುತ್ತಾರೆ, ಮುಂದಿನ ಫೋನಿಗೆ ದಾರ ಕಟ್ಟುತ್ತಾ. “ಅದೂ ಒಂದಿನ ಅಳೇದಾಗಿ ನನ್ ಅತ್ರಾನೇ ಬರ್ಬೇಕು.”